ಹಳೆಯ ಇನಿಟ್ ಸ್ಕ್ರಿಪ್ಟ್ ಇರುವ ಡೆಬಿಯನ್ ಪ್ಯಾಕೇಜಿಗೆ ಸಿಸ್ಟಮ್‌ಡಿ ಬೆಂಬಲ ಸೇರಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೊಳವೆಬಾವಿಗಳ ನೀರಿನ ಮಟ್ಟವನ್ನು ಸೆನ್ಸರ್‌ಗಳಿಂದ ಸೀರಿಯಲ್ ಪೋರ್ಟ್ ಮೂಲಕ ಓದಿ, ಅದೇ ಕಂಪ್ಯೂಟರಿನಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಸೇರಿಸುವ ಒಂದು ಚಿಕ್ಕ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಮ್) ನಮ್ಮ ಕಚೇರಿಯಲ್ಲಿ ಹಲವು ವರ್ಷಗಳಿಂದ ಬಳಕೆಯಲ್ಲಿದೆ. ಸಿ ಭಾಷೆಯಲ್ಲಿ ಬರೆದಿರುವ ಆ ಪ್ರೋಗ್ರಾಮಿನ ಹೆಸರು ಅಳತೆಡಿ. ಅದರ ಡೆಬಿಯನ್ (ಒಂದು ಲಿನಕ್ಸ್ ವಿತರಣೆ) ಪ್ಯಾಕೇಜನ್ನು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ನೋಡಿಕೊಳ್ಳುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಜವಾಬ್ದಾರಿ ನನ್ನ ಪಾಲಿಗೆ ಬಂದಿದೆ. ಒಟ್ಟು 26 ಯಂತ್ರಗಳಿವೆ, ಎಲ್ಲದರಲ್ಲೂ ಡೆಬಿಯನ್ 12 ಇದೆ.

ಪ್ಯಾಕೇಜಿನಲ್ಲಿರುವುದು 140 ಸಾಲುಗಳ ಒಂದು ಇನಿಟ್ ಸ್ಕ್ರಿಪ್ಟ್, ಅಂದರೆ ಸರ್ವಿಸನ್ನು ಆರಂಭಿಸಿ ನಿಲ್ಲಿಸುವ ಹಳೆಯ ಬಗೆಯ ಶೆಲ್ ಸ್ಕ್ರಿಪ್ಟ್. ಅದು ಸ್ಟಾರ್ಟ್-ಸ್ಟಾಪ್-ಡೀಮನ್ ಬಳಸಿ, 'ಅಳತೆ' ಎಂಬ ಯೂಸರ್ ಹೆಸರಿನಲ್ಲಿ ಪ್ರೋಗ್ರಾಮನ್ನು ಆರಂಭಿಸುತ್ತದೆ. ಪ್ರೋಗ್ರಾಮ್ ಎರಡು ಬಾರಿ ಫೋರ್ಕ್ ಆಗಿ (ತನ್ನದೇ ಮರಿ ಪ್ರೋಸೆಸ್ ಹುಟ್ಟಿಸಿ) ಹಿನ್ನೆಲೆಗೆ ಸರಿಯುತ್ತದೆ, ತನ್ನ ಪ್ರೋಸೆಸ್ ಸಂಖ್ಯೆಯಿರುವ ಪಿಐಡಿ ಫೈಲ್ ಬರೆಯುತ್ತದೆ, ಮತ್ತು ವರದಿ ತಯಾರಿಸುವ ಇನ್ನೊಂದು ಪ್ರೋಗ್ರಾಮ್ ತನ್ನೊಂದಿಗೆ ಮಾತಾಡಲೆಂದು ಒಂದು ಸಾಕೆಟ್ ತೆರೆಯುತ್ತದೆ. /ಇಟಿಸಿ/ಡೀಫಾಲ್ಟ್ ಕೆಳಗಿನ ಫೈಲಿನಲ್ಲಿ 'ಎನೇಬಲ್ಡ್=ಎಸ್' ಎಂಬ ಸಾಲು ಮತ್ತು ಆಯ್ಕೆಗಳು ಇವೆ.

ಈಗ ಸರ್ವಿಸ್‌ಗಳನ್ನು ಆರಂಭಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಬೆಂಬಲವನ್ನು ಇದಕ್ಕೆ ಕೊಡಲು ನಾನು ಒಂದು ಯೂನಿಟ್ ಫೈಲ್ (ಸರ್ವಿಸನ್ನು ಅದಕ್ಕೆ ವಿವರಿಸುವ ಫೈಲ್) ಬರೆದು, ಎಕ್ಸೆಕ್‌ಸ್ಟಾರ್ಟ್ ಸಾಲಿನಲ್ಲಿ ಹಳೆಯ ಸ್ಕ್ರಿಪ್ಟನ್ನೇ 'ಸ್ಟಾರ್ಟ್' ಎಂದು ಕರೆದೆ. ಟೈಪ್=ಫೋರ್ಕಿಂಗ್ ಎಂದು ಕೊಟ್ಟೆ. ಪ್ಯಾಕೇಜ್ ಹಾಕಿದಾಗ ಓಡುವ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟಿನಲ್ಲಿ /ರನ್/ಅಳತೆಡಿ ಎಂಬ ಡೈರೆಕ್ಟರಿ ಮಾಡಿ, ಅದರ ಒಡೆತನ ಬದಲಿಸಿ, ಕೊನೆಗೆ ಸಿಸ್ಟಮ್‌ಸಿಟಿಎಲ್ ಎನೇಬಲ್ (ಪ್ರತಿ ಬೂಟ್‌ನಲ್ಲೂ ತಾನಾಗಿ ಆರಂಭವಾಗಲು) ಮತ್ತು ಸ್ಟಾರ್ಟ್ (ಈಗಲೇ ಆರಂಭಿಸಲು) ಎಂದು ಬರೆದೆ. ನಾಲ್ಕು ಯಂತ್ರಗಳಲ್ಲಿ ಹಾಕಿದಾಗ ಎಲ್ಲವೂ ಸರಿಯಾಗಿಯೇ ಕಂಡಿತು. ಆದರೆ ಆಮೇಲೆ ಮೂರು ತೊಂದರೆಗಳು ಎದುರಾದವು.

ಮೊದಲನೆಯದಾಗಿ, ಒಂದು ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ನಾಲ್ಕೂ ಯಂತ್ರಗಳಲ್ಲಿ ಸರ್ವಿಸ್ ಮೇಲೇಳಲಿಲ್ಲ. ಪಿಐಡಿ ಫೈಲ್ ಬರೆಯಲು ಡೈರೆಕ್ಟರಿಯೇ ಇಲ್ಲ ಎಂದು ಲಾಗ್ ಹೇಳುತ್ತಿತ್ತು. ನಾನೇ ಮಾಡಿದ್ದ ಡೈರೆಕ್ಟರಿ ಎಲ್ಲಿ ಹೋಯಿತೆಂದು ನನಗೆ ತಿಳಿಯಲಿಲ್ಲ. ಎರಡನೆಯದಾಗಿ, ಅದನ್ನು ಕೈಯಾರೆ ಸರಿಪಡಿಸಿದ ಮೇಲೂ, ಬೂಟ್ ಆಗುವಾಗ ಅಳತೆಡಿ 'ಆಕ್ಟಿವ್' ಎಂದು ತೋರಿಸುತ್ತಿದ್ದರೂ ಅದರ ಹಿಂದೆಯೇ ಆರಂಭವಾಗುವ ವರದಿ ಪ್ರೋಗ್ರಾಮಿಗೆ ಸಾಕೆಟ್ ಸಿಗದೆ ಅದು ನಿಂತುಹೋಗುತ್ತಿದೆ. ಮೂರನೆಯದು ನನ್ನನ್ನು ಹೆಚ್ಚು ಕಾಡಿದ್ದು. ಒಂದು ಯಂತ್ರದ ಸೆನ್ಸರ್ ರಿಪೇರಿಗೆ ಹೋಗಿದ್ದರಿಂದ ಸಹೋದ್ಯೋಗಿಯೊಬ್ಬರು ಅಲ್ಲಿ ಸರ್ವಿಸನ್ನು ಡಿಸೇಬಲ್ ಮಾಡಿದ್ದರು. ನಾನು ಪ್ಯಾಕೇಜಿನ ಹೊಸ ಆವೃತ್ತಿ ಹಾಕಿದೊಡನೆ ಅದು ಮತ್ತೆ ಚಾಲೂ ಆಗಿ, ಎರಡು ದಿನಗಳ ಕಾಲ ಅರ್ಥವಿಲ್ಲದ ಅಂಕಿಗಳು ಡೇಟಾಬೇಸ್ ಸೇರಿದವು.

ಇವುಗಳನ್ನು ಸರಿಯಾದ ಕ್ರಮದಲ್ಲಿ ಪರಿಹರಿಸುವುದು ಹೇಗೆ? ಹಳೆಯ ಇನಿಟ್ ಸ್ಕ್ರಿಪ್ಟನ್ನು ಪ್ಯಾಕೇಜಿನಿಂದ ತೆಗೆಯಬಹುದೇ? ನಮ್ಮ ಇನ್ನೊಂದು ಕಚೇರಿಯವರು ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ವಿತರಣೆಗೂ ಇದೇ ಪ್ಯಾಕೇಜ್ ಬೇಕೆಂದು ಕೇಳುತ್ತಿದ್ದಾರೆ; ಅದಕ್ಕೆ ಏನು ವ್ಯತ್ಯಾಸ ಮಾಡಬೇಕು?

ಉತ್ತರ 1

ತೊಂದರೆಗಳನ್ನು ಬಿಡಿಬಿಡಿಯಾಗಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಯಿತು. ನಾನು ಯೂನಿಟ್ ಫೈಲಿನ ಬಗ್ಗೆ ಮಾತ್ರ ಬರೆಯುತ್ತೇನೆ. ಪೋಸ್ಟ್‌ಇನ್‌ಸ್ಟ್ ವಿಷಯವನ್ನು ಡೆಬಿಯನ್ ಪ್ಯಾಕೇಜಿಂಗ್ ಹೆಚ್ಚು ಬಲ್ಲವರು ಹೇಳಲಿ.

ಯೂನಿಟ್ ಫೈಲ್ ಹಳೆಯ ಸ್ಕ್ರಿಪ್ಟನ್ನು ಕರೆಯುತ್ತಿರುವವರೆಗೆ ನಿಮಗೆ ಸಿಕ್ಕಿರುವುದು ಸಿಸ್ಟಮ್‌ಡಿ ಬೆಂಬಲವಲ್ಲ, ಸ್ಕ್ರಿಪ್ಟಿನ ಮೇಲೆ ಹೊದಿಸಿದ ಒಂದು ಹೊದಿಕೆ ಮಾತ್ರ. ಯೂನಿಟ್ ಇಲ್ಲದಿದ್ದರೂ ಇನಿಟ್ ಸ್ಕ್ರಿಪ್ಟುಗಳನ್ನು ಓದಿ ತಾನೇ ಯೂನಿಟ್ ಹುಟ್ಟಿಸುವ ಏರ್ಪಾಡು ಸಿಸ್ಟಮ್‌ಡಿಯಲ್ಲಿ ಮೊದಲಿನಿಂದಲೂ ಇದ್ದುದರಿಂದ, ನೀವು ಮಾಡಿದ ಕೆಲಸ ಅದಾಗಲೇ ನಡೆಯುತ್ತಿತ್ತು. ಆ ಏರ್ಪಾಡನ್ನು ಮುಂದೆ ತೆಗೆದುಹಾಕುವುದಾಗಿ 2023ರಲ್ಲಿ ಬಂದ 254ನೇ ಆವೃತ್ತಿಯಲ್ಲೇ ಸಿಸ್ಟಮ್‌ಡಿ ತಂಡ ಪ್ರಕಟಿಸಿದೆ. ಆದ್ದರಿಂದ ನೀವು ಈಗ ಕೈಹಾಕಿರುವುದು ಒಳ್ಳೆಯ ಸಮಯದಲ್ಲೇ.

ಆ 140 ಸಾಲುಗಳನ್ನು ಮುಂದಿಟ್ಟುಕೊಂಡು, ಒಂದೊಂದು ತುಣುಕಿನ ಪಕ್ಕದಲ್ಲೂ 'ಈ ಕೆಲಸ ಇನ್ನು ಮುಂದೆ ಯಾರದು?' ಎಂದು ಪೆನ್ಸಿಲ್ಲಿನಲ್ಲಿ ಬರೆಯುತ್ತಾ ಹೋಗಿ. ಯೂಸರ್ ಬದಲಿಸುವುದು ಇನ್ನು ಸಿಸ್ಟಮ್‌ಡಿಯ ಕೆಲಸ. ಹಿನ್ನೆಲೆಗೆ ಕಳುಹಿಸುವುದು ಇನ್ನು ಯಾರ ಕೆಲಸವೂ ಅಲ್ಲ, ಏಕೆಂದರೆ ಸಿಸ್ಟಮ್‌ಡಿಗೆ ಪ್ರೋಗ್ರಾಮ್ ಮುನ್ನೆಲೆಯಲ್ಲಿ ಇದ್ದರೇ ಅನುಕೂಲ. ಪಿಐಡಿ ಫೈಲೂ ಬೇಡ. ಪ್ರತಿ ಸರ್ವಿಸಿನ ಎಲ್ಲ ಪ್ರೋಸೆಸ್‌ಗಳನ್ನೂ ಕರ್ನೆಲ್ಲಿನ ಸಿಗ್ರೂಪ್ (ಪ್ರೋಸೆಸ್‌ಗಳ ಗುಂಪು) ಮೂಲಕವೇ ಅದು ಗುರುತಿಟ್ಟುಕೊಳ್ಳುತ್ತದೆ, ನಿಲ್ಲಿಸುವಾಗ ಮರಿ ಪ್ರೋಸೆಸ್‌ಗಳನ್ನೂ ಬಿಡದೆ ನಿಲ್ಲಿಸುತ್ತದೆ. ಲಾಗ್ ಫೈಲ್ ತೆರೆಯುವ ಸಾಲುಗಳೂ ಹೋಗಲಿ, ಪ್ರೋಗ್ರಾಮ್ ತನ್ನ ಮಾತನ್ನು ಸ್ಟ್ಯಾಂಡರ್ಡ್ ಎರರ್‌ಗೆ ಬರೆದರೆ ಅದು ಸಿಸ್ಟಮ್‌ಡಿಯ ಲಾಗ್ ಆದ ಜರ್ನಲ್ ಸೇರುತ್ತದೆ. ನಿಮ್ಮ ಪ್ರೋಗ್ರಾಮಿಗೆ ಮುನ್ನೆಲೆಯಲ್ಲೇ ಓಡುವ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ, ಹೆಚ್ಚಿನ ಡೀಮನ್‌ಗಳಲ್ಲಿ ಇದು ಫೋರ್ಕ್ ಮಾಡುವ ಫಂಕ್ಷನ್ನಿನ ಸುತ್ತ ಒಂದು 'ಇಫ್' ಹಾಕುವಷ್ಟೇ ಕೆಲಸ.

ಕಾಣೆಯಾದ ಡೈರೆಕ್ಟರಿಯ ಕಥೆ ಸರಳ. /ರನ್ ಇರುವುದು ಡಿಸ್ಕಿನಲ್ಲಲ್ಲ, ಮೆಮೊರಿಯಲ್ಲಿ. ಯಂತ್ರ ಆರಿದೊಡನೆ ಅದರೊಳಗಿನದೆಲ್ಲ ಅಳಿಸಿಹೋಗುತ್ತದೆ. ಪೋಸ್ಟ್‌ಇನ್‌ಸ್ಟ್ ಓಡುವುದು ಪ್ಯಾಕೇಜ್ ಹಾಕುವಾಗ ಮಾತ್ರ, ಪ್ರತಿ ಬೂಟ್‌ನಲ್ಲಿ ಅಲ್ಲ. ಯೂನಿಟ್ಟಿನಲ್ಲಿ ರನ್‌ಟೈಮ್‌ಡೈರೆಕ್ಟರಿ ಎಂಬ ಒಂದು ಸಾಲು ಹಾಕಿದರೆ, ಸರ್ವಿಸ್ ಆರಂಭವಾಗುವ ಪ್ರತಿ ಸಲವೂ ಆ ಡೈರೆಕ್ಟರಿ ಸರಿಯಾದ ಒಡೆತನದೊಂದಿಗೆ ಹುಟ್ಟುತ್ತದೆ, ಸರ್ವಿಸ್ ನಿಂತಾಗ ಹೋಗುತ್ತದೆ. ಶಾಶ್ವತವಾಗಿ ಉಳಿಯಬೇಕಾದ ಡೇಟಾಗೆ ಸ್ಟೇಟ್‌ಡೈರೆಕ್ಟರಿ ಇದೆ. ಅದು /ವಾರ್/ಲಿಬ್ ಕೆಳಗೆ ಬರುತ್ತದೆ.

ನಿಮ್ಮ ಯೂನಿಟ್ ಸರಿಸುಮಾರು ಹೀಗಿರಬಹುದು. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಇವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

[ಯೂನಿಟ್]
ಡಿಸ್ಕ್ರಿಪ್ಷನ್=ಕೊಳವೆಬಾವಿ ನೀರಿನ ಮಟ್ಟದ ದಾಖಲೆ
ವಾಂಟ್ಸ್=ಪೋಸ್ಟ್‌ಗ್ರೆಸ್ಕ್ಯುಎಲ್.ಸರ್ವಿಸ್
ಆಫ್ಟರ್=ಪೋಸ್ಟ್‌ಗ್ರೆಸ್ಕ್ಯುಎಲ್.ಸರ್ವಿಸ್

[ಸರ್ವಿಸ್]
ಟೈಪ್=ಎಕ್ಸೆಕ್
ಯೂಸರ್=ಅಳತೆ
ಸಪ್ಲಿಮೆಂಟರಿಗ್ರೂಪ್ಸ್=ಡಯಲ್‌ಔಟ್
ಎನ್ವಿರಾನ್ಮೆಂಟ್‌ಫೈಲ್=-/ಇಟಿಸಿ/ಡೀಫಾಲ್ಟ್/ಅಳತೆಡಿ
ಎಕ್ಸೆಕ್‌ಸ್ಟಾರ್ಟ್=/ಯುಎಸ್‌ಆರ್/ಎಸ್‌ಬಿನ್/ಅಳತೆಡಿ -ಎಫ್ $ಆಪ್ಷನ್ಸ್
ರನ್‌ಟೈಮ್‌ಡೈರೆಕ್ಟರಿ=ಅಳತೆಡಿ
ಸ್ಟೇಟ್‌ಡೈರೆಕ್ಟರಿ=ಅಳತೆಡಿ
ರೀಸ್ಟಾರ್ಟ್=ಆನ್-ಫೇಲ್ಯೂರ್
ರೀಸ್ಟಾರ್ಟ್‌ಸೆಕ್=5

[ಇನ್‌ಸ್ಟಾಲ್]
ವಾಂಟೆಡ್‌ಬೈ=ಮಲ್ಟಿ-ಯೂಸರ್.ಟಾರ್ಗೆಟ್

ಇದರಲ್ಲಿ ಕೆಲವು ಸಾಲುಗಳಿಗೆ ವಿವರಣೆ ಅಗತ್ಯ. ಟೈಪ್=ಸಿಂಪಲ್ ಎಂದು ಕೊಟ್ಟರೆ, ಪ್ರೋಗ್ರಾಮಿನ ಫೈಲೇ ಆ ಜಾಗದಲ್ಲಿ ಇಲ್ಲದಿದ್ದರೂ ಸ್ಟಾರ್ಟ್ ಆಜ್ಞೆ ಯಶಸ್ವಿಯಾಯಿತು ಎಂದೇ ಬರುತ್ತದೆ; ಎಕ್ಸೆಕ್ ಆದರೆ ಪ್ರೋಗ್ರಾಮ್ ನಿಜಕ್ಕೂ ಓಡಲು ತೊಡಗುವವರೆಗೆ ಕಾಯುತ್ತದೆ. ಡೆಬಿಯನ್‌ನಲ್ಲಿ ಸೀರಿಯಲ್ ಪೋರ್ಟುಗಳು ಡಯಲ್‌ಔಟ್ ಗುಂಪಿಗೆ ಸೇರಿರುವುದರಿಂದ ಆ ಸಾಲು ಬೇಕು. ಆಫ್ಟರ್ ಎಂಬುದು ಕ್ರಮವನ್ನಷ್ಟೇ ಹೇಳುತ್ತದೆ, ವಾಂಟ್ಸ್ ಎಂಬುದು ಜೊತೆಗೆ ಆರಂಭಿಸಬೇಕೆಂದು ಹೇಳುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಮರೆಯುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ವಾಂಟ್ಸ್ ಬದಲು ರಿಕ್ವೈರ್ಸ್ ಹಾಕಬೇಡಿ. ಹಾಕಿದರೆ ಪೋಸ್ಟ್‌ಗ್ರೆಸ್ಸನ್ನು ನಿಲ್ಲಿಸಿದಾಗ ಅಥವಾ ಮರುಆರಂಭಿಸಿದಾಗಲೆಲ್ಲ ನಿಮ್ಮ ಡೀಮನ್ ಕೂಡ ಅದರೊಂದಿಗೆ ನಿಲ್ಲುತ್ತದೆ, ಆ ಹೊತ್ತಿನ ಅಳತೆ ತಪ್ಪಿಹೋಗುತ್ತದೆ. ಡೇಟಾಬೇಸ್ ಸಿಗದಿದ್ದರೆ ಅಳತೆಯನ್ನು ಕೈಯಲ್ಲಿ ಹಿಡಿದುಕೊಂಡು ಮತ್ತೆ ಪ್ರಯತ್ನಿಸುವುದು ಪ್ರೋಗ್ರಾಮೇ ಕಲಿಯಬೇಕಾದ ಪಾಠ.

ಇನ್ನು ರೀಸ್ಟಾರ್ಟ್‌ಸೆಕ್. ಅದನ್ನು ಕೊಡದಿದ್ದರೆ ಸಿಸ್ಟಮ್‌ಡಿ ಕಾಯುವುದು 100 ಮಿಲಿಸೆಕೆಂಡ್ ಮಾತ್ರ. 10 ಸೆಕೆಂಡುಗಳಲ್ಲಿ 5 ಬಾರಿ ಆರಂಭಿಸಿಯೂ ಓಡುತ್ತಾ ಉಳಿಯದ ಸರ್ವಿಸನ್ನು ಅದು ಕೈಬಿಡುತ್ತದೆ. ಸೆನ್ಸರಿನ ಕೇಬಲ್ ಅರೆನಿಮಿಷ ಸಡಿಲವಾದರೂ ಸಾಕು, ಈ ಐದು ಅವಕಾಶಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತವೆ. ಐದು ಸೆಕೆಂಡುಗಳ ಅಂತರ ಕೊಟ್ಟರೆ ಆ ಮಿತಿಯನ್ನು ಮುಟ್ಟುವುದೇ ಇಲ್ಲ.

ಬರೆದ ಮೇಲೆ ಸಿಸ್ಟಮ್‌ಡಿ-ಅನಲೈಸ್ ವೆರಿಫೈ ಎಂಬ ಆಜ್ಞೆಗೆ ಯೂನಿಟ್ಟನ್ನು ಒಪ್ಪಿಸಿ ನೋಡಿ. ಕಾಗುಣಿತ ತಪ್ಪಿದ ಸಾಲನ್ನು ಸಿಸ್ಟಮ್‌ಡಿ ಒಂದು ಎಚ್ಚರಿಕೆ ಬರೆದು ಮುಂದೆ ಹೋಗಿಬಿಡುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ.

ಉತ್ತರ 2

ಮೇಲಿನವರು ಯೂನಿಟ್ ಬಗ್ಗೆ ಹೇಳಬೇಕಾದುದನ್ನು ಹೇಳಿದ್ದಾರೆ. ಮೂರನೆಯ ತೊಂದರೆಯನ್ನು ನೀವು ಹೆಚ್ಚು ಕಾಡಿದ್ದು ಎಂದಿರಿ. ಪ್ಯಾಕೇಜ್ ಮಾಡುವವನು ಅತಿ ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದೂ ಅದೇ ಎಂದು ನನ್ನ ಖಚಿತ ಅಭಿಪ್ರಾಯ. ಯಂತ್ರದ ನಿರ್ವಾಹಕರು ಒಂದು ಸರ್ವಿಸನ್ನು ನಿಲ್ಲಿಸಿಟ್ಟಿದ್ದರೆ ಅದಕ್ಕೆ ಅವರದೇ ಕಾರಣವಿರುತ್ತದೆ, ಆ ಕಾರಣ ಪ್ಯಾಕೇಜಿಗೆ ತಿಳಿಯಬೇಕಾಗಿಲ್ಲ.

ಪೋಸ್ಟ್‌ಇನ್‌ಸ್ಟ್‌ನಲ್ಲಿ ಸಿಸ್ಟಮ್‌ಸಿಟಿಎಲ್ ಎಂದು ನೇರವಾಗಿ ಬರೆಯುವುದನ್ನು ಇಂದೇ ನಿಲ್ಲಿಸಿ. ಯೂನಿಟ್ ಫೈಲನ್ನು ಸೋರ್ಸ್ ಪ್ಯಾಕೇಜಿನ ಡೆಬಿಯನ್ ಡೈರೆಕ್ಟರಿಯಲ್ಲಿ ಅಳತೆಡಿ.ಸರ್ವಿಸ್ ಎಂಬ ಹೆಸರಿನಲ್ಲಿಡಿ, ಪ್ಯಾಕೇಜ್ ಕಟ್ಟುವ ಸಾಧನಗಳ ಗುಂಪಾದ ಡೆಬ್‌ಹೆಲ್ಪರ್‌ನ ಹೊಂದಾಣಿಕೆ ಮಟ್ಟವನ್ನು 13ಕ್ಕೆ ಏರಿಸಿ. ಮಿಕ್ಕದ್ದನ್ನು ಡಿಎಚ್-ಇನ್‌ಸ್ಟಾಲ್‌ಸಿಸ್ಟಮ್‌ಡಿ ಎಂಬ ಸಾಧನವೇ ಮಾಡುತ್ತದೆ. ಅದು ಫೈಲನ್ನು ಸರಿಯಾದ ಜಾಗದಲ್ಲಿ ಕೂರಿಸಿ, ಪೋಸ್ಟ್‌ಇನ್‌ಸ್ಟ್‌ನಲ್ಲಿ ಡೆಬ್‌ಹೆಲ್ಪರ್‌ನ ಗುರುತು ಇರುವಲ್ಲಿ ಬೇಕಾದ ಸಾಲುಗಳನ್ನು ತುಂಬುತ್ತದೆ. ಹಳೆಯ ಬರಹಗಳಲ್ಲಿ ಡಿಎಚ್-ಸಿಸ್ಟಮ್‌ಡಿ-ಎನೇಬಲ್ ಮತ್ತು ಡಿಎಚ್-ಸಿಸ್ಟಮ್‌ಡಿ-ಸ್ಟಾರ್ಟ್ ಎಂಬ ಎರಡು ಸಾಧನಗಳ ಹೆಸರು ಸಿಗುತ್ತದೆ. 11ನೇ ಮಟ್ಟದಿಂದ ಅವೆರಡರ ಜಾಗಕ್ಕೆ ಇದೊಂದೇ ಬಂದಿದೆ.

ಹೀಗೆ ತುಂಬಿದ ಸಾಲುಗಳನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು. ಅವು ಸಿಸ್ಟಮ್‌ಸಿಟಿಎಲ್ ಎನೇಬಲ್ ಅನ್ನು ಕರೆಯುವುದಿಲ್ಲ, ಡೆಬ್-ಸಿಸ್ಟಮ್‌ಡಿ-ಹೆಲ್ಪರ್ ಎಂಬುದನ್ನು ಕರೆಯುತ್ತವೆ. ಸರ್ವಿಸನ್ನು ಎನೇಬಲ್ ಮಾಡಲು ಪ್ಯಾಕೇಜ್ ಹಿಂದೆ ಯಾವ ಕೊಂಡಿಗಳನ್ನು ಹಾಕಿತ್ತು ಎಂಬುದರ ಲೆಕ್ಕವನ್ನು ಆ ಹೆಲ್ಪರ್ /ವಾರ್/ಲಿಬ್/ಸಿಸ್ಟಮ್‌ಡಿ ಕೆಳಗೆ ಬರೆದಿಟ್ಟುಕೊಂಡಿರುತ್ತದೆ. ಹೊಸ ಆವೃತ್ತಿ ಬಂದಾಗ ಆ ಲೆಕ್ಕವನ್ನು ಯಂತ್ರದ ಈಗಿನ ಸ್ಥಿತಿಯೊಂದಿಗೆ ಹೋಲಿಸಿ, ನಡುವೆ ನಿರ್ವಾಹಕರು ಡಿಸೇಬಲ್ ಮಾಡಿದ್ದರೆ ಹಾಗೆಯೇ ಬಿಡುತ್ತದೆ. ಆರಂಭಿಸುವ ಕೆಲಸಕ್ಕೆ ಡೆಬ್-ಸಿಸ್ಟಮ್‌ಡಿ-ಇನ್‌ವೋಕ್ ಇದೆ. ಅದು ಪಾಲಿಸಿ-ಆರ್‌ಸಿ.ಡಿ ಎಂಬ ಸ್ಕ್ರಿಪ್ಟನ್ನು ಕೇಳಿಯೇ ಮುಂದುವರಿಯುತ್ತದೆ. ಆ ಸ್ಕ್ರಿಪ್ಟ್ 101 ಎಂಬ ಸಂಖ್ಯೆಯನ್ನು ಹಿಂತಿರುಗಿಸಿದರೆ ಆರಂಭಿಸಬಾರದು ಎಂದರ್ಥ. ಡಿಸ್ಕ್ ಇಮೇಜ್ ಅಥವಾ ಕಂಟೇನರ್ ಕಟ್ಟುವವರು ಇದನ್ನೇ ನಂಬಿಕೊಂಡಿರುತ್ತಾರೆ. ನೀವು ನೇರವಾಗಿ ಸ್ಟಾರ್ಟ್ ಎಂದು ಬರೆದಿದ್ದರಿಂದ ಈ ಎರಡೂ ಕಾವಲುಗಳನ್ನು ದಾಟಿ ಹೋದಂತಾಯಿತು.

ಹಳೆಯ ಇನಿಟ್ ಸ್ಕ್ರಿಪ್ಟ್ ಬಗ್ಗೆ ಕೇಳಿದ್ದೀರಿ. ಒಂದೇ ಹೆಸರಿನ ಯೂನಿಟ್ ಮತ್ತು ಸ್ಕ್ರಿಪ್ಟ್ ಎರಡೂ ಇದ್ದರೆ ಸಿಸ್ಟಮ್‌ಡಿ ಯೂನಿಟ್ಟನ್ನೇ ಬಳಸುವುದರಿಂದ, ಸ್ಕ್ರಿಪ್ಟ್ ಉಳಿದರೂ ತೊಂದರೆಯಿಲ್ಲ. 2019ರ ಡಿಸೆಂಬರಿನಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ಆರಿಸಿದ ನಿಲುವು ಸಿಸ್ಟಮ್‌ಡಿಯನ್ನು ಒಪ್ಪಿಕೊಂಡು, ಬೇರೆ ಇನಿಟ್‌ಗಳ ಹುಡುಕಾಟಕ್ಕೂ ಬಾಗಿಲು ತೆರೆದಿಡುವುದು. ಆದ್ದರಿಂದ ಡೆಬಿಯನ್ ಸಂಗ್ರಹಕ್ಕೇ ಹೋಗುವ ಪ್ಯಾಕೇಜಾಗಿದ್ದರೆ, ಯಾರಾದರೂ ಕೆಲಸ ಮಾಡುವ ಸ್ಕ್ರಿಪ್ಟ್ ಕಳುಹಿಸಿದಾಗ ಅದನ್ನು ಸೌಜನ್ಯದಿಂದ ಸ್ವೀಕರಿಸಿ ಎನ್ನುತ್ತಿದ್ದೆ. ನಿಮ್ಮದು ಕಚೇರಿಯೊಳಗಿನ 26 ಯಂತ್ರಗಳ ಮಾತು, ಎಲ್ಲದರಲ್ಲೂ ಸಿಸ್ಟಮ್‌ಡಿ ಇದೆ, ತೆಗೆದುಬಿಡಿ. ಆದರೆ ಪ್ಯಾಕೇಜಿನಿಂದ ಕೈಬಿಟ್ಟರೆ ಸಾಲದು. /ಇಟಿಸಿ ಕೆಳಗಿನ ಫೈಲುಗಳನ್ನು ಪ್ಯಾಕೇಜ್ ಹಾಕುವ ಸಾಧನವಾದ ಡಿಪಿಕೆಜಿ ನಿರ್ವಾಹಕರ ಆಸ್ತಿ ಎಂದು ಪರಿಗಣಿಸಿ ಯಂತ್ರದಲ್ಲೇ ಉಳಿಸುತ್ತದೆ. ಡೆಬಿಯನ್ ಡೈರೆಕ್ಟರಿಯಲ್ಲಿ ಅಳತೆಡಿ.ಮೇಂಟ್‌ಸ್ಕ್ರಿಪ್ಟ್ ಎಂಬ ಫೈಲ್ ಮಾಡಿ, ಅದರಲ್ಲಿ ಆರ್‌ಎಂ-ಕಾನ್ಫ್‌ಫೈಲ್ ಎಂದು ಬರೆದು, ಮುಂದೆ ಸ್ಕ್ರಿಪ್ಟಿನ ಪೂರ್ಣ ದಾರಿಯನ್ನೂ ಆವೃತ್ತಿ ಸಂಖ್ಯೆಯನ್ನೂ ಕೊಡಿ.

ಒಂದು ಮಾತು ಬಾಕಿ ಇದೆ, ಇದನ್ನು ಮರೆತರೆ ನಿಮ್ಮ ಮೂರನೆಯ ತೊಂದರೆ ಇನ್ನೊಂದು ವೇಷದಲ್ಲಿ ಬರುತ್ತದೆ. /ಇಟಿಸಿ/ಡೀಫಾಲ್ಟ್ ಫೈಲಿನಲ್ಲಿರುವ 'ಎನೇಬಲ್ಡ್' ಸಾಲನ್ನು ಓದುತ್ತಿದ್ದುದು ಹಳೆಯ ಸ್ಕ್ರಿಪ್ಟ್. ಯೂನಿಟ್ ಅದನ್ನು ಓದುವುದಿಲ್ಲ. ಯಾವುದಾದರೂ ಯಂತ್ರದಲ್ಲಿ 'ಎನೇಬಲ್ಡ್=ನೋ' ಎಂದಿದ್ದರೆ, ಹೊಸ ಪ್ಯಾಕೇಜ್ ಬಂದೊಡನೆ ಅಲ್ಲಿ ಸರ್ವಿಸ್ ಆರಂಭವಾಗುತ್ತದೆ. 26 ಯಂತ್ರಗಳಷ್ಟೇ ಆದ್ದರಿಂದ ಮೊದಲು ಎಲ್ಲದರಲ್ಲೂ ಆ ಸಾಲನ್ನು ನೋಡಿ ಪಟ್ಟಿ ಮಾಡಿ, 'ನೋ' ಎಂದಿರುವ ಕಡೆ ಸರ್ವಿಸನ್ನು ಮೊದಲೇ ಮಾಸ್ಕ್ ಮಾಡಿ (ಯಾವ ರೀತಿಯಲ್ಲೂ ಆರಂಭವಾಗದಂತೆ ತಡೆದು), ಪ್ಯಾಕೇಜ್ ಹಾಕಿದ ನಂತರ ಅನ್‌ಮಾಸ್ಕ್ ಮಾಡಿ ಕೂಡಲೇ ಡಿಸೇಬಲ್ ಮಾಡಿ. ಅನ್‌ಮಾಸ್ಕ್ ಮಾಡಿದ ಮಾತ್ರಕ್ಕೆ ಸರ್ವಿಸ್ ಆರಂಭವಾಗುವುದಿಲ್ಲ. ಆ ಮೇಲೆ 'ಎನೇಬಲ್ಡ್' ಎಂಬ ಸಾಲನ್ನೇ ಫೈಲಿನಿಂದ ತೆಗೆಯಿರಿ. ಒಂದೇ ಪ್ರಶ್ನೆಗೆ ಎರಡು ಜಾಗದಲ್ಲಿ ಉತ್ತರವಿದ್ದರೆ ಮುಂದೆ ಬರುವವರು ದಾರಿ ತಪ್ಪುತ್ತಾರೆ.

ಪ್ರಶ್ನೆ ಕೇಳಿದವರ ಮರುಬರಹ

ಇಬ್ಬರಿಗೂ ಕೃತಜ್ಞತೆಗಳು. ಪೆನ್ಸಿಲ್ ಹಿಡಿದು ಕುಳಿತು ಸ್ಕ್ರಿಪ್ಟ್ ಓದಿದೆ. 140 ಸಾಲುಗಳಲ್ಲಿ ಉಳಿಯಬೇಕಾದದ್ದು ಒಂದೂ ಇರಲಿಲ್ಲ. ಎಲ್ಲ ಯಂತ್ರಗಳ ಡೀಫಾಲ್ಟ್ ಫೈಲುಗಳನ್ನೂ ನೋಡಿದೆ. ಮೂರರಲ್ಲಿ 'ಎನೇಬಲ್ಡ್=ನೋ' ಎಂದಿತ್ತು. ಹೇಳದಿದ್ದರೆ ಆ ಮೂರೂ ಚಾಲೂ ಆಗುತ್ತಿದ್ದವು.

ಹೊಸ ಯೂನಿಟ್ ಒಂದು ಪರೀಕ್ಷಾ ಯಂತ್ರದಲ್ಲಿ ಆರಂಭವಾಗಲಿಲ್ಲ. ಜರ್ನಲ್‌ನಲ್ಲಿ ಪ್ರೋಗ್ರಾಮ್ '$ಪೋರ್ಟ್ ಎಂಬ ಸಾಧನ ಕಾಣುತ್ತಿಲ್ಲ' ಎಂದು ಅಕ್ಷರಶಃ ಡಾಲರ್ ಚಿಹ್ನೆಯೊಂದಿಗೇ ಬರೆದಿತ್ತು. ನಮ್ಮ ಡೀಫಾಲ್ಟ್ ಫೈಲಿನಲ್ಲಿ ಮೊದಲ ಸಾಲಿನಲ್ಲಿ ಪೋರ್ಟಿನ ಹೆಸರು, ಎರಡನೆಯ ಸಾಲಿನಲ್ಲಿ ಆಪ್ಷನ್ಸ್ ಒಳಗೆ $ಪೋರ್ಟ್ ಎಂದು ಇದೆ. ಶೆಲ್ ಸ್ಕ್ರಿಪ್ಟ್ ಇದ್ದಾಗ ಇದು ಕೆಲಸ ಮಾಡುತ್ತಿತ್ತು.

ಅದನ್ನು ಬಿಟ್ಟು ಪೋರ್ಟನ್ನು ನೇರವಾಗಿ ಬರೆದ ಮೇಲೆ, ಸುರಕ್ಷತೆಗೆಂದು ಪ್ರೊಟೆಕ್ಟ್‌ಸಿಸ್ಟಮ್=ಸ್ಟ್ರಿಕ್ಟ್, ಪ್ರೊಟೆಕ್ಟ್‌ಹೋಮ್=ಎಸ್, ಪ್ರೈವೇಟ್‌ಡಿವೈಸಸ್=ಎಸ್ ಎಂಬ ಮೂರು ಸಾಲುಗಳನ್ನು ಸೇರಿಸಿದೆ. ಈಗ ಪೋರ್ಟೇ ಇಲ್ಲ ಎನ್ನುತ್ತಿದೆ. ನಾನು ಲಾಗಿನ್ ಆಗಿ ನೋಡಿದರೆ ಪೋರ್ಟ್ ಇದ್ದೇ ಇದೆ.

ವರದಿ ಪ್ರೋಗ್ರಾಮಿಗೆ ಸಾಕೆಟ್ ಸಿಗದ ತೊಂದರೆ ಇನ್ನೂ ಹಾಗೆಯೇ ಇದೆ.

ಉತ್ತರ 3

ಮೊದಲೆರಡಕ್ಕೆ ಚುಟುಕಾಗಿ ಉತ್ತರಿಸುತ್ತೇನೆ. ಎನ್ವಿರಾನ್ಮೆಂಟ್‌ಫೈಲ್ ನೋಡಲು ಶೆಲ್ ಸ್ಕ್ರಿಪ್ಟಿನಂತಿದ್ದರೂ ಅದನ್ನು ಓದುವುದು ಶೆಲ್ ಅಲ್ಲ. ಒಂದು ಹೆಸರಿನೊಳಗೆ ಇನ್ನೊಂದನ್ನು ಅದು ಬಿಡಿಸುವುದಿಲ್ಲ. ಇದ್ದುದನ್ನು ಇದ್ದಂತೆ ದಾಟಿಸುತ್ತದೆ. ನೀವು ಮಾಡಿದಂತೆ ನೇರವಾಗಿ ಬರೆಯುವುದೇ ಸರಿ. ಪ್ರೈವೇಟ್‌ಡಿವೈಸಸ್ ಹಾಕಿದರೆ ಸರ್ವಿಸಿಗೆ ತನ್ನದೇ ಆದ ಬೇರೊಂದು /ಡೆವ್ ಸಿಗುತ್ತದೆ, ಅದರಲ್ಲಿ ನಲ್, ಝೀರೋ, ರ‍್ಯಾಂಡಮ್ ಮುಂತಾದ ಹುಸಿ ಸಾಧನಗಳಷ್ಟೇ ಇರುತ್ತವೆ. ನಿಮ್ಮ ಲಾಗಿನ್‌ಗೆ ಕಾಣುವ ಪೋರ್ಟ್ ಡೀಮನ್ನಿಗೆ ಕಾಣದಿರುವುದು ಅದಕ್ಕೇ. ಆ ಸಾಲನ್ನು ತೆಗೆದು, ಡಿವೈಸ್‌ಪಾಲಿಸಿ=ಕ್ಲೋಸ್ಡ್ ಎಂದೂ ಡಿವೈಸ್‌ಅಲೌ=ಕ್ಯಾರ್-ಟಿಟಿವೈಯುಎಸ್‌ಬಿ ಆರ್‌ಡಬ್ಲ್ಯು ಎಂದೂ ಬರೆಯಿರಿ; ಯುಎಸ್‌ಬಿ ಸೀರಿಯಲ್ ಪೋರ್ಟುಗಳಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಸುರಕ್ಷತೆಯ ಸಾಲುಗಳನ್ನು ಒಂದೊಂದಾಗಿ ಸೇರಿಸಿ, ಪ್ರತಿ ಸಲವೂ ಒಂದು ಅಳತೆ ಡೇಟಾಬೇಸ್ ಸೇರುವವರೆಗೆ ಕಾದು ನೋಡಿ.

ಈಗ ಸಾಕೆಟ್ ವಿಷಯ. ಸಿಸ್ಟಮ್‌ಡಿ ನಿಮ್ಮ ಪ್ರೋಗ್ರಾಮಿನ ಮನಸ್ಸನ್ನು ಓದಲಾರದು. ಟೈಪ್=ಎಕ್ಸೆಕ್ ಎಂದಾಗ ಪ್ರೋಗ್ರಾಮ್ ಓಡತೊಡಗಿತು ಎಂಬುದಷ್ಟೇ ಅದಕ್ಕೆ ಗೊತ್ತು, ಸಾಕೆಟ್ ತೆರೆಯಿತೇ ಎಂಬುದು ಗೊತ್ತಿಲ್ಲ. ಹಿಂದೆ ಫೋರ್ಕಿಂಗ್ ಇದ್ದಾಗಲೂ ಕಾರಣ ಇದೇ ಆಗಿತ್ತು: ತಾಯಿ ಪ್ರೋಸೆಸ್ ಫೋರ್ಕ್ ಮಾಡಿದ ಕೂಡಲೇ ಹೊರಬೀಳುತ್ತಿತ್ತು, ಸಾಕೆಟ್ ತೆರೆಯುವ ಕೆಲಸ ಆಮೇಲೆ ಮರಿ ಪ್ರೋಸೆಸ್‌ನಲ್ಲಿ ನಡೆಯುತ್ತಿತ್ತು. ಸರ್ವಿಸ್ ಆರಂಭದಲ್ಲಿ ಹತ್ತು ಸೆಕೆಂಡ್ ಸ್ಲೀಪ್ ಹಾಕಿ ಎಂದು ಹೇಳುವವರು ಸಿಗುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ನಿಧಾನವಾದ ಯಂತ್ರದಲ್ಲಿ ಹತ್ತು ಸಾಲದು, ವೇಗದ ಯಂತ್ರದಲ್ಲಿ ಹತ್ತೂ ವ್ಯರ್ಥ. ಸಿದ್ಧನಾಗಿದ್ದೇನೆ ಎಂದು ಪ್ರೋಗ್ರಾಮೇ ಬಾಯಿಬಿಟ್ಟು ಹೇಳಬೇಕು.

ಅದಕ್ಕಾಗಿ ಟೈಪ್=ನೋಟಿಫೈ ಇದೆ. ಪ್ರೋಗ್ರಾಮನ್ನು ಆರಂಭಿಸುವಾಗ ಸಿಸ್ಟಮ್‌ಡಿ ನೋಟಿಫೈ-ಸಾಕೆಟ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಒಂದು ಯುನಿಕ್ಸ್ ಸಾಕೆಟ್ಟಿನ ವಿಳಾಸ ಕೊಡುತ್ತದೆ. ನಿಮ್ಮ ಪ್ರೋಗ್ರಾಮ್ ಎಲ್ಲ ಸಿದ್ಧತೆ ಮುಗಿದ ಮೇಲೆ ಆ ವಿಳಾಸಕ್ಕೆ 'ರೆಡಿ=1' ಎಂಬ ಒಂದು ಚಿಕ್ಕ ಸಂದೇಶ ಕಳುಹಿಸಬೇಕು. ಅಲ್ಲಿಯವರೆಗೆ, ಆಫ್ಟರ್ ಎಂದು ಕಾಯುತ್ತಿರುವ ಯಾವ ಸರ್ವಿಸೂ ಹೊರಡುವುದಿಲ್ಲ.

ಇದಕ್ಕೆ ಲಿಬ್‌ಸಿಸ್ಟಮ್‌ಡಿ ಲೈಬ್ರರಿಯಲ್ಲಿ ಸಿದ್ಧ ಫಂಕ್ಷನ್ ಇದೆ, ಆದರೂ ನೀವು ಆ ಲೈಬ್ರರಿಯನ್ನು ಜೋಡಿಸಬೇಡಿ ಎಂಬುದು ನನ್ನ ಸಲಹೆ. 2024ರ ಮಾರ್ಚ್ 29ರಂದು ಪೋಸ್ಟ್‌ಗ್ರೆಸ್ ಅಭಿವೃದ್ಧಿಕಾರ ಆಂಡ್ರೆಸ್ ಫ್ರಾಯಿಂಡ್ ಅವರು ಎಕ್ಸ್‌ಝಡ್ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇರುವುದನ್ನು ಬಹಿರಂಗಪಡಿಸಿದರು. ದೂರದ ಯಂತ್ರಕ್ಕೆ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಲಾಗಿನ್‌ಗಳು ಇರಬೇಕಾದುದಕ್ಕಿಂತ ಅರ್ಧ ಸೆಕೆಂಡಿನಷ್ಟು ನಿಧಾನವಾಗಿದ್ದುದು ಅವರ ಅನುಮಾನಕ್ಕೆ ಎಳೆಯಾಯಿತು. ಎಸ್‌ಎಸ್‌ಎಚ್ ಸರ್ವರ್ ಎಕ್ಸ್‌ಝಡ್ ಅನ್ನು ಬಳಸುವುದೇ ಇಲ್ಲ. ಆದರೆ ಡೆಬಿಯನ್ ಮತ್ತು ಫೆಡೋರಾದಂತಹ ವಿತರಣೆಗಳು 'ರೆಡಿ' ಸಂದೇಶ ಕಳುಹಿಸಲೆಂದು ಅದಕ್ಕೆ ಪ್ಯಾಚ್ ಹಾಕಿ ಲಿಬ್‌ಸಿಸ್ಟಮ್‌ಡಿ ಜೋಡಿಸಿದ್ದವು. ಲಿಬ್‌ಸಿಸ್ಟಮ್‌ಡಿ ತನ್ನ ಬೇರೆ ಕೆಲಸಗಳಿಗಾಗಿ ಎಕ್ಸ್‌ಝಡ್‌ನ ಲೈಬ್ರರಿಯನ್ನು ಎಳೆದುಕೊಂಡು ಬರುತ್ತಿತ್ತು. ಒಂದು ಪದ ಹೇಳಲು ಕಟ್ಟಿದ ಕಾಲುಸಂಕದ ಮೇಲೆ ಕಳ್ಳ ದಾಟಿ ಬಂದಂತಾಯಿತು. ಅದೇ ವರ್ಷದ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8 ಆವೃತ್ತಿ ಈ ಸಂದೇಶ ಕಳುಹಿಸುವ ಕೆಲಸವನ್ನು ಯಾವ ಲೈಬ್ರರಿಯ ಹಂಗೂ ಇಲ್ಲದೆ ತಾನೇ ಮಾಡತೊಡಗಿತು. ಸಿಸ್ಟಮ್‌ಡಿಯ ಕೈಪಿಡಿಯಲ್ಲೂ ಈಗ ಯಾವುದೇ ಪ್ರೋಗ್ರಾಮಿಗೆ ಹಾಗೆಯೇ ಸೇರಿಸಿಕೊಳ್ಳಬಹುದಾದ ಮಾದರಿ ಕೋಡ್ ಇದೆ.

ಆ ಕೋಡ್ ಬಹಳ ಚಿಕ್ಕದು. ವೇರಿಯಬಲ್ ಇಲ್ಲದಿದ್ದರೆ ಏನೂ ಮಾಡದೆ ಹಿಂತಿರುಗುತ್ತದೆ, ಹಾಗಾಗಿ ಸಿಸ್ಟಮ್‌ಡಿ ಇಲ್ಲದ ಯಂತ್ರದಲ್ಲೂ ಅದೇ ಪ್ರೋಗ್ರಾಮ್ ಓಡುತ್ತದೆ. ವಿಳಾಸದ ಮೊದಲ ಅಕ್ಷರ @ ಆಗಿದ್ದರೆ ಅದರ ಜಾಗದಲ್ಲಿ ಶೂನ್ಯ ಬೈಟ್ ಇಡಬೇಕು ಎಂಬುದೊಂದನ್ನು ಜನ ಮರೆಯುತ್ತಾರೆ.

ಸಂದೇಶವನ್ನು ಎಲ್ಲಿಂದ ಕಳುಹಿಸಬೇಕು ಎಂಬುದನ್ನು ಯೋಚಿಸಿ ತೀರ್ಮಾನಿಸಿ. ಸೀರಿಯಲ್ ಪೋರ್ಟ್ ತೆರೆದು, ಸಾಕೆಟ್ಟಿನಲ್ಲಿ ಲಿಸನ್ (ಸಂಪರ್ಕಗಳಿಗೆ ಕಿವಿಗೊಡುವುದು) ಆರಂಭಿಸಿದ ನಂತರ ಕಳುಹಿಸುವುದು ಸರಿ. ಡೇಟಾಬೇಸ್ ಸಂಪರ್ಕ ಸಿಗುವವರೆಗೆ ಕಾಯಬೇಡಿ. ಡೆಬಿಯನ್‌ನಲ್ಲಿ 90 ಸೆಕೆಂಡುಗಳೊಳಗೆ 'ರೆಡಿ' ಬರದಿದ್ದರೆ ಆರಂಭ ವಿಫಲವಾಯಿತೆಂದು ಸಿಸ್ಟಮ್‌ಡಿ ಪ್ರೋಗ್ರಾಮನ್ನು ಕೊಂದುಬಿಡುತ್ತದೆ, ಕೈಯಲ್ಲಿದ್ದ ಅಳತೆಗಳೂ ಹೋಗುತ್ತವೆ. ಡೇಟಾಬೇಸಿಗಾಗಿ ಕಾಯುತ್ತಿರುವುದನ್ನು ತಿಳಿಸಲು ಅದೇ ಸಾಕೆಟ್ಟಿಗೆ 'ಸ್ಟೇಟಸ್=' ಎಂದು ಒಂದು ವಾಕ್ಯ ಕಳುಹಿಸಿ, ಅದು ಸಿಸ್ಟಮ್‌ಸಿಟಿಎಲ್ ಸ್ಟೇಟಸ್‌ನಲ್ಲಿ ಕಾಣುತ್ತದೆ. ಇದನ್ನು ನಮ್ಮಲ್ಲಿ ಕನ್ನಡದಲ್ಲೇ ಬರೆದಿದ್ದೇವೆ, ಯುಟಿಎಫ್-8 ಆದ್ದರಿಂದ ಸರಿಯಾಗಿಯೇ ಬರುತ್ತದೆ.

ಕಾನ್ಫಿಗ್ ಮರುಓದಲು ಟೈಪ್=ನೋಟಿಫೈ-ರೀಲೋಡ್ ಎಂಬುದನ್ನು ಎಲ್ಲಾದರೂ ಕಂಡರೆ ಸದ್ಯಕ್ಕೆ ಬಿಡಿ. ಅದು ಬಂದದ್ದು 253ನೇ ಆವೃತ್ತಿಯಲ್ಲಿ, ನಿಮ್ಮ ಡೆಬಿಯನ್ 12ರಲ್ಲಿರುವುದು 252.

ಉತ್ತರ 4

ಫೆಡೋರಾ ಪ್ರಶ್ನೆಗೆ ಯಾರೂ ಕೈಹಾಕಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಯೂನಿಟ್ ಫೈಲ್ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತದೆ. ಅದನ್ನು ಡೆಬಿಯನ್ ಡೈರೆಕ್ಟರಿಯಲ್ಲಿ ಇಡದೆ ಪ್ರೋಗ್ರಾಮಿನ ಮೂಲ ಸೋರ್ಸಿನಲ್ಲೇ ಇಟ್ಟು, ಮೇಕ್ ಇನ್‌ಸ್ಟಾಲ್ ಮೂಲಕ ಎರಡೂ ಕಡೆ ಹೋಗುವಂತೆ ಮಾಡಿದರೆ ಒಂದೇ ಪ್ರತಿ ಸಾಕು. ಹಾಗೆ ಮಾಡಿದರೂ ಡಿಎಚ್-ಇನ್‌ಸ್ಟಾಲ್‌ಸಿಸ್ಟಮ್‌ಡಿ ಅದನ್ನು ಗುರುತಿಸುತ್ತದೆ. ಆದರೆ /ಇಟಿಸಿ/ಡೀಫಾಲ್ಟ್ ಎಂಬುದು ಡೆಬಿಯನ್ ರೂಢಿ, ಫೆಡೋರಾದಲ್ಲಿ ಆ ಜಾಗ /ಇಟಿಸಿ/ಸಿಸ್‌ಕಾನ್ಫಿಗ್. ಎನ್ವಿರಾನ್ಮೆಂಟ್‌ಫೈಲ್ ಎಂಬ ಸಾಲನ್ನು ಎರಡು ಬಾರಿ ಬರೆದು, ದಾರಿಯ ಮುಂದೆ ಅಡ್ಡಗೆರೆ ಇಟ್ಟರೆ ಇಲ್ಲದ ಫೈಲನ್ನು ಸಿಸ್ಟಮ್‌ಡಿ ಬಿಟ್ಟು ಮುಂದೆ ಹೋಗುತ್ತದೆ.

ಫೆಡೋರಾ ಪ್ಯಾಕೇಜನ್ನು ಕಟ್ಟುವ ಬಗೆ ಹೇಳುವ ಸ್ಪೆಕ್ ಫೈಲಿನಲ್ಲಿ ಬಿಲ್ಡ್‌ರಿಕ್ವೈರ್ಸ್‌ಗೆ ಸಿಸ್ಟಮ್‌ಡಿ-ಆರ್‌ಪಿಎಂ-ಮ್ಯಾಕ್ರೋಸ್ ಸೇರಿಸಿ, ಪೋಸ್ಟ್, ಪ್ರೀಅನ್ ಮತ್ತು ಪೋಸ್ಟ್‌ಅನ್ ಭಾಗಗಳಲ್ಲಿ ಸಿಸ್ಟಮ್‌ಡಿ-ಪೋಸ್ಟ್, ಸಿಸ್ಟಮ್‌ಡಿ-ಪ್ರೀಅನ್, ಸಿಸ್ಟಮ್‌ಡಿ-ಪೋಸ್ಟ್‌ಅನ್-ವಿತ್-ರೀಸ್ಟಾರ್ಟ್ ಎಂಬ ಮ್ಯಾಕ್ರೋಗಳನ್ನು ಯೂನಿಟ್ ಹೆಸರಿನೊಂದಿಗೆ ಬರೆದರೆ ಮುಗಿಯಿತು.

ದೊಡ್ಡ ವ್ಯತ್ಯಾಸ ಇರುವುದು ನಡವಳಿಕೆಯಲ್ಲಿ. ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕಿದೊಡನೆ ಸರ್ವಿಸ್ ಆರಂಭವಾಗುವುದು ರೂಢಿ. ಫೆಡೋರಾದಲ್ಲಿ ಪ್ರೀಸೆಟ್ ಎಂಬ ವಿತರಣೆಯ ಪಟ್ಟಿ ಅದನ್ನು ನಿರ್ಧರಿಸುತ್ತದೆ, ಆ ಪಟ್ಟಿಯಲ್ಲಿ ಹೆಸರಿಲ್ಲದ ಸರ್ವಿಸ್ ಡಿಸೇಬಲ್ ಆಗಿಯೇ ಉಳಿಯುತ್ತದೆ. ಆ ಕಚೇರಿಯವರು 'ಪ್ಯಾಕೇಜ್ ಹಾಕಿದೆವು, ಏನೂ ಆಗಲಿಲ್ಲ' ಎಂದು ಫೋನ್ ಮಾಡುವ ಮೊದಲೇ ಇದನ್ನು ತಿಳಿಸಿ. ಅವರ ಯಂತ್ರಗಳಲ್ಲೆಲ್ಲ ತಾನಾಗಿ ಎನೇಬಲ್ ಆಗಬೇಕೆಂದಿದ್ದರೆ, ಅವರೇ ಒಂದು ಪ್ರೀಸೆಟ್ ಫೈಲನ್ನು /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್-ಪ್ರೀಸೆಟ್ ಕೆಳಗೆ ಇಟ್ಟುಕೊಳ್ಳಲಿ. ಸ್ಪೆಕ್ ಫೈಲಿನೊಳಗೆ ಎನೇಬಲ್ ಎಂದು ಬರೆಯಬೇಡಿ. ನಿಮ್ಮ ಮೂರನೆಯ ತೊಂದರೆಯನ್ನು ಇನ್ನೊಂದು ಕಚೇರಿಗೆ ಕಳುಹಿಸಿಕೊಟ್ಟಂತೆ ಆಗುತ್ತದೆ.

ಪ್ರಶ್ನೆ ಕೇಳಿದವರ ಮರುಬರಹ

ನೋಟಿಫೈ ಸಂದೇಶವನ್ನು ಲಿಸನ್ ಆದ ಮುಂದಿನ ಸಾಲಿನಲ್ಲೇ ಸೇರಿಸಿದೆ. ಸಿ ಭಾಷೆಯಲ್ಲಿ 31 ಸಾಲುಗಳಾದವು. ಸೆನ್ಸರ್ ರಿಪೇರಿಗೆ ಹೋಗಿರುವ ಯಂತ್ರಕ್ಕೆ ಮೊದಲು ಹೊಸ ಪ್ಯಾಕೇಜ್ ಹಾಕಿದೆ. ಸರ್ವಿಸ್ ಡಿಸೇಬಲ್ ಆಗಿದ್ದುದು ಡಿಸೇಬಲ್ ಆಗಿಯೇ ಉಳಿಯಿತು. ಆಮೇಲೆ ಪರೀಕ್ಷಾ ಯಂತ್ರದ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಪೋಸ್ಟ್‌ಗ್ರೆಸ್ ತನ್ನ ದಾಖಲೆಗಳನ್ನು ಸರಿಪಡಿಸಿಕೊಂಡು ಮೇಲೇಳಲು ಸ್ವಲ್ಪ ಹೊತ್ತು ಹಿಡಿಯಿತು, ಅದರ ನಂತರ ಅಳತೆಡಿ ಆರಂಭವಾಯಿತು. ಅದು 'ರೆಡಿ' ಹೇಳಿದ ಮೇಲೆಯೇ ವರದಿ ಪ್ರೋಗ್ರಾಮ್ ಹೊರಟಿತು, ಸಾಕೆಟ್ ಸಿಕ್ಕಿತು. ಹೀಗೆ ನಾಲ್ಕು ಬಾರಿ ಮಾಡಿದೆ, ನಾಲ್ಕೂ ಬಾರಿ ಜರ್ನಲ್‌ನಲ್ಲಿ ಅದೇ ಕ್ರಮ ಇತ್ತು.

ಉಳಿದ ಯಂತ್ರಗಳಿಗೆ ಸೋಮವಾರದಿಂದ ದಿನಕ್ಕೆ ಐದರಂತೆ ಹಾಕುತ್ತೇನೆ. 'ನೋ' ಎಂದಿದ್ದ ಮೂರನ್ನು ಮಾಸ್ಕ್ ಮಾಡಿಟ್ಟಿದ್ದೇನೆ, ಅವುಗಳ ಪಟ್ಟಿಯನ್ನು ಸಹೋದ್ಯೋಗಿಗೂ ಕೊಟ್ಟಿದ್ದೇನೆ.